ಕೆರೆಗೆ ನೀರು ಬಂದ ಮೇಲೆ: ಗುಂಡ್ಲುಪೇಟೆ ಬಯಲಿನ ಸಿಂಹಾವಲೋಕನ

1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಸ್ವಂತ ಜಿಲ್ಲೆಯಾಯಿತು. ಆಗ ನಾಲ್ಕು ತಾಲ್ಲೂಕು. ಹನೂರು ಐದನೆಯದಾಗಿ ಆಮೇಲೆ ಬಂತು. ಅಂದಿನಿಂದ ಆಗಸ್ಟ್ ತಿಂಗಳೆಂದರೆ ನಮ್ಮಲ್ಲಿ ಜಿಲ್ಲೆ ಏನು ಪಡೆಯಿತು ಎಂಬ ಪಟ್ಟಿ ಓದುವ ತಿಂಗಳು. ಜಿಲ್ಲಾಡಳಿತ ಭವನ ಬಂತು, ಬ್ರಾಡ್‌ಗೇಜ್ ರೈಲು ಬಂತು, ವೈದ್ಯಕೀಯ ಕಾಲೇಜು ಬಂತು, ವಿಶ್ವವಿದ್ಯಾಲಯವೂ ಬಂತು. ಮುಖ್ಯಮಂತ್ರಿ ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ದಶಕಗಟ್ಟಲೆ ನಮ್ಮನ್ನು ಅವಮಾನಿಸಿತ್ತು. 2013ರಿಂದ 2018ರವರೆಗೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಇಲ್ಲಿಗೆ ಬಂದು, ಐದು ವರ್ಷದ ಅವಧಿಯನ್ನೂ ಪೂರೈಸಿ ಅದನ್ನು ಮುರಿದರು. 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಭೆ ಕೂತಿತು. ಇವೆಲ್ಲ ನಮಗೆ ಬೇಕಾಗಿದ್ದವೇ. ಹೋರಾಡಿ ಪಡೆದವು, ಸಂತೋಷ.

ಆದರೆ ಆ ಪಟ್ಟಿಯಲ್ಲಿರುವುದೆಲ್ಲ ಪಟ್ಟಣದಲ್ಲಿ ನಿಂತಿರುವ ಕಟ್ಟಡಗಳು. ಹಳ್ಳಿಯ ಲೆಕ್ಕ ಬೇರೆಯೇ ಇದೆ. ಅದನ್ನು ತೆಗೆದು ನೋಡುವ ಕೆಲಸ ಆಗಿಲ್ಲ. ಈ ಸಲದ ಸಿಂಹಾವಲೋಕನಕ್ಕೆ ನಾವು ಒಂದೇ ಸೀಮೆಯನ್ನು ಹಿಡಿದಿದ್ದೇವೆ: ಪಡುವಣಕ್ಕೆ ಬಂಡೀಪುರದ ಕಾಡಂಚು, ಮೂಡಣಕ್ಕೆ ತೆರಕಣಾಂಬಿ, ಇವುಗಳ ನಡುವಿನ ಗುಂಡ್ಲುಪೇಟೆ ಬಯಲು. ಅದರೊಳಗೂ ಹೆಚ್ಚಾಗಿ ಬೇರಂಬಾಡಿ ಮತ್ತು ಅದರ ಸುತ್ತಿನ ಹೊಲಗಳು. ಹೊರಗಿನವರಿಗೆ ಗುಂಡ್ಲುಪೇಟೆ ಎಂದರೆ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗುವಾಗ ಕಾಫಿಗೆ ನಿಲ್ಲಿಸುವ ಊರು. ತೆರಕಣಾಂಬಿ ಒಂದು ಕಾಲಕ್ಕೆ ಕುಡುಗುನಾಡು ಎಂಬ ಸೀಮೆಯ ಮುಖ್ಯ ಪಟ್ಟಣವಾಗಿತ್ತು. ತಂದೆ ದೊಡ್ಡದೇವರಾಜರು ತೀರಿಕೊಂಡ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ಅವರ ನೆನಪಿಗೆ ಪರವಾಸುದೇವರ ಗುಡಿ ಕಟ್ಟಿಸಿದರು. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಕೆ.ಎಸ್. ನಾಗರತ್ನಮ್ಮ ಈ ಕ್ಷೇತ್ರದಿಂದಲೇ ಗೆದ್ದು ಹೋದವರು. ಹೆಸರಿಗೆ ಕೊರತೆಯಿಲ್ಲದ ಸೀಮೆ ಇದು. ಕೊರತೆ ಇದ್ದದ್ದು, ಇರುವುದು ನೀರಿಗೆ.

ಮೊದಲು ಇಲ್ಲಿಯ ಮಳೆಯ ಮಾತು. ವಯನಾಡಿನ ಮಲೆಯೂ ನೀಲಗಿರಿಯೂ ಮುಂಗಾರನ್ನು ತಡೆದು ನಿಲ್ಲಿಸಿಕೊಳ್ಳುತ್ತವೆ. ನಮ್ಮ ಪಾಲಿಗೆ ಉಳಿಯುವುದು ಗಾಳಿ. ಕಾಡಿನೊಳಗಿನ ಮೂಲೆಹೊಳೆಯಲ್ಲಿ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಸುರಿದರೆ, ಬೇರಂಬಾಡಿಯ ಹೊತ್ತಿಗೆ ಅದು 800ರ ಆಸುಪಾಸಿಗೆ ಇಳಿದಿರುತ್ತದೆ. ಮೂಡಲಿಗೆ ಹೋದಂತೆ ಇನ್ನೂ ಕಡಿಮೆ. ಅದೂ ಒಂದೇ ಸಲಕ್ಕೆ ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಒಂದು ಮಳೆಗಾಲ, ಆಷಾಢವಿಡೀ ಬೀಸುಗಾಳಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಮಳೆಗಾಲ. ಭರಣಿ ಮಳೆ ಬಿದ್ದರೆ ಎರೆಹೊಲಕ್ಕೆ ಜೋಳ, ಕೆಮ್ಮಣ್ಣಿಗೆ ಕಡಲೆಕಾಯಿಯೋ ಎಳ್ಳೋ. ಹಿಂಗಾರಿಗೆ ರಾಗಿ, ಹುರುಳಿ. ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಒಂದು ಮಳೆ ಕೈಕೊಟ್ಟರೆ ಇನ್ನೊಂದು ಬೆಳೆ ಮನೆ ಕಾಯುತ್ತಿತ್ತು. ಕಾಳಿನ ಜೊತೆ ದನಕ್ಕೆ ಸಪ್ಪೆಯೂ ಸಿಗುತ್ತಿತ್ತು. ಆ ಬೇಸಾಯವನ್ನು ಬಡತನದ ಬೇಸಾಯ ಎಂದು ಕರೆದು ಕೈಬಿಟ್ಟೆವು. ಅದರಲ್ಲಿ ಬಡತನ ಇತ್ತು, ನಿಜ; ಹಸಿವೂ ಇತ್ತು. ಆದರೆ ಎರಡು ತುಂಡಾಗಿ ಬರುವ ಮಳೆಯಲ್ಲಿ ಹೇಗೆ ಬದುಕಬೇಕು ಎಂಬ ತಿಳಿವಳಿಕೆಯೂ ಅದರೊಳಗೇ ಇತ್ತು. ಆ ತಿಳಿವಳಿಕೆ ಇನ್ನೂ ಐವತ್ತು ದಾಟಿದವರ ಬಾಯಲ್ಲಿದೆ, ಮೂವತ್ತರವರ ಹೊಲದಲ್ಲಿಲ್ಲ.

ಬದಲಾದದ್ದು ಬಾವಿಯಿಂದ. ಕಪಿಲೆ ಹೊಡೆದು ನೀರೆತ್ತುವ ಕಾಲದಲ್ಲಿ ಎರಡು ಎತ್ತು ಎಷ್ಟು ದಣಿಯುತ್ತವೋ ಅಷ್ಟೇ ನೀರು ಮೇಲಕ್ಕೆ ಬರುತ್ತಿತ್ತು. ಪಂಪ್‌ಸೆಟ್ಟು ಬಂದ ಮೇಲೆ ಆ ಕಡಿವಾಣ ಹೋಯಿತು. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಯೇ ಒಣಗಿತು. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯ ಸರ್ಕಾರ ಉಚಿತ ವಿದ್ಯುತ್ ಕೊಟ್ಟಿತು. ಸಣ್ಣ ರೈತನಿಗೆ ಅದು ದೊಡ್ಡ ಆಸರೆಯಾಯಿತು, ಅದನ್ನು ಅಲ್ಲಗಳೆಯುವವರ ಜೊತೆ ನಾವಿಲ್ಲ. ಆದರೆ ನೀರೆತ್ತುವುದಕ್ಕೆ ದುಡ್ಡೂ ಬೇಡ, ದಣಿವೂ ಇಲ್ಲ ಎಂದಾದ ದಿನದಿಂದ ಎಷ್ಟು ಎತ್ತಬೇಕು ಎಂದು ಕೇಳುವವರು ಊರಲ್ಲಿ ಯಾರೂ ಉಳಿಯಲಿಲ್ಲ.

ಹೊಲದಲ್ಲಿ ಬೋರು ಕೊರೆಯುವ ರಾತ್ರಿಯೊಂದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿ ಒಂದು ಜಾಗಕ್ಕೆ ಗೂಟ ಹೊಡೆದಿರುತ್ತಾರೆ. ಕತ್ತಲಾದ ಮೇಲೆ ತಮಿಳುನಾಡಿನ ಬೋರ್ ಲಾರಿ ಬದು ಹತ್ತಿ ಬಂದು ನಿಲ್ಲುತ್ತದೆ. ಕರ್ಪೂರ, ಒಂದು ಕಾಯಿ, ಆಮೇಲೆ ಕಿವಿ ಕಿವುಡಾಗುವ ಸದ್ದು. ಮನೆಯವರೆಲ್ಲ ಬದುವಿನ ಮೇಲೆ ಟವೆಲ್ ಹೊದ್ದು ಕೂತಿರುತ್ತಾರೆ. ಒಂದೊಂದು ರಾಡ್ ಇಳಿದಾಗಲೂ ಮನೆಯ ಯಜಮಾನ ಮನಸ್ಸಿನಲ್ಲೇ ಅಡಿಗೆ ಇಷ್ಟು ಎಂದು ಕೂಡಿಸುತ್ತಿರುತ್ತಾನೆ. ಬೂದಿಯಂಥ ಕಲ್ಲುಪುಡಿ ಹಾರಿ ಅಕ್ಕಪಕ್ಕದ ರಾಗಿ ಪೈರಿನ ಮೇಲೆ ಕೂರುತ್ತದೆ.

“ಏನಣ್ಣ, ತೇವ ಏನಾರ ಕಾಣ್ತಾ?”

“ಎಲ್ಲಿ ಕನಪ್ಪ, ಬರೀ ಧೂಳೇ ಬತ್ತಾ ಅದ.”

“ಇನ್ನೊಂದ್ ನೂರಡಿ ಬುಡ್ಸಿ ನೋಡಣ್ಣ.”

ಆ ಇನ್ನೊಂದು ನೂರಡಿಯಲ್ಲೇ ಈ ಬಯಲಿನ ಎಷ್ಟೋ ಮನೆಗಳ ಒಡವೆ ಗಿರವಿಗೆ ಹೋಗಿದೆ. ನೀರು ಬಿದ್ದರೂ ಕಥೆ ಮುಗಿಯುವುದಿಲ್ಲ. ಕೇಸಿಂಗ್ ಪೈಪು, ಮೋಟಾರು, ಕೇಬಲ್ಲು, ಪೆಟ್ಟಿಗೆ. ಅಷ್ಟು ಸುರಿದವನು ಆಮೇಲೆ ಹುರುಳಿ ಬಿತ್ತುತ್ತಾನೆಯೇ? ಸಾಲ ತೀರಿಸುವಂಥ ಬೆಳೆಯೇ ಬೇಕು. ಬೆಳೆ ಯಾವುದೆಂದು ತೀರ್ಮಾನಿಸುವುದು ಅಲ್ಲಿಂದಾಚೆಗೆ ಬೋರಿನ ಸಾಲವೇ.

ಬೇರಂಬಾಡಿಯ ವಿಷಯದಲ್ಲಿ ಒಂದು ವಿಶೇಷವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಸುಮಾರು 84 ಚದರ ಕಿಲೋಮೀಟರಿನ ಬೇರಂಬಾಡಿ ಜಲಾನಯನವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಮಳೆ, ಮಣ್ಣಿನ ತೇವ, ಬೆಳೆ, ಬೋರಿನ ನೀರಿನ ಮಟ್ಟ ಎಲ್ಲವನ್ನೂ. ಉಪಗ್ರಹಗಳು ಆಕಾಶದಿಂದ ಹೇಳುವ ಮಣ್ಣಿನ ತೇವ ನಿಜವೇ ಎಂದು ಒರೆಹಚ್ಚಿ ನೋಡಿದ್ದು ಇವೇ ಹೊಲಗಳಲ್ಲಿ. ಆ ಅಧ್ಯಯನಗಳಲ್ಲಿ ಕಂಡದ್ದು ಮನಸ್ಸಿಗೆ ನಾಟುವಂಥದ್ದು. ಎಲ್ಲ ಕಡೆ ತಗ್ಗಿನಲ್ಲಿ ಅಂತರ್ಜಲ ಮೇಲಿರಬೇಕು, ದಿಣ್ಣೆಯಲ್ಲಿ ಆಳದಲ್ಲಿರಬೇಕು. ಇಲ್ಲಿ ತಲೆಕೆಳಗಾಗಿದೆ. ಊರಿನ ಹತ್ತಿರದ, ಒಳ್ಳೆಯ ಎರೆಮಣ್ಣಿನ ತಗ್ಗು ಹೊಲಗಳಲ್ಲೇ ಮೊದಲು ಬೋರುಗಳು ಎದ್ದದ್ದರಿಂದ ಅಲ್ಲೇ ನೀರು ಪಾತಾಳ ಸೇರಿದೆ. ಕಾಡಂಚಿನ ಮೇಲುಹೊಲಗಳಲ್ಲಿ ಇನ್ನೂ ಅಷ್ಟು ಇಳಿದಿಲ್ಲ. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಜಾರಿದ್ದರಿಂದ ಹಳ್ಳಗಳಿಗೆ ಒಸರುವ ಊಟೆ ನಿಂತುಹೋಗಿದೆ. ಮಳೆ ಹೊಯ್ದಾಗ ಹರಿಯುತ್ತವೆ, ಆಮೇಲೆ ಬರಿದು. ಅದೇ ನೀರನ್ನು ಎತ್ತಿ ಹಾಯಿಸಿ, ಗೊಬ್ಬರದೊಂದಿಗೆ ಇಂಗಿಸಿ, ಮತ್ತೆ ಎತ್ತುವುದರಿಂದ ಕೆಲವು ಕಡೆ ಬೋರಿನ ನೀರಿನಲ್ಲಿ ನೈಟ್ರೇಟ್ ಏರಿರುವುದೂ ಅಲ್ಲಿ ದಾಖಲಾಗಿದೆ. ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿದ್ದು, 2020ರಿಂದ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಗೆ ಆಯ್ಕೆಯಾದದ್ದು, ಎರಡಕ್ಕೂ ಕಾರಣ ಇದೇ. ಈ ತಾಲ್ಲೂಕಿನ ನೀರಿನ ಬಗ್ಗೆ ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಲೇಖನಗಳು ಬಂದಿವೆ. ಅದರ ಸಾರ ಗ್ರಾಮಸಭೆಯ ಠರಾವಿನಲ್ಲಿ ಕಾಣಬೇಕಾಗಿತ್ತು.

ಈ ನೀರು ಎಲ್ಲಿಗೆ ಹೋಯಿತು? ಬಹುಪಾಲು ಘಟ್ಟ ಇಳಿಯಿತು. ಸಣ್ಣ ಈರುಳ್ಳಿ, ಟೊಮೆಟೊ, ಬೀನ್ಸು, ಕೋಸು, ಬಾಳೆ ಕೇರಳಕ್ಕೆ, ಅರಿಶಿನ ಈರೋಡಿಗೆ, ಚೆಂಡುಹೂವು ಬಣ್ಣ ತೆಗೆಯುವ ಕಾರ್ಖಾನೆಗೆ, ಅಲ್ಲಿಂದ ಮೊಟ್ಟೆಯ ಭಂಡಾರಕ್ಕೆ ಹಳದಿ ಏರಿಸಲು ಕೋಳಿ ಆಹಾರಕ್ಕೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಅರ್ಧ ವ್ಯಾಪಾರ ಮಲಯಾಳದಲ್ಲೇ ನಡೆಯುತ್ತಿರುತ್ತದೆ. ಓಣಂ ಹತ್ತಿರವಾದಂತೆ ಹೂವಿಗೂ ತರಕಾರಿಗೂ ರಂಗೇರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಹೆದ್ದಾರಿ ಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಕೇರಳದ ಕುಟುಂಬಗಳು ಫೋಟೊ ತೆಗೆಸಿಕೊಳ್ಳಲು ಇಳಿಯುತ್ತವೆ; ತಲೆಗಿಷ್ಟು ಎಂದು ರೈತ ಪಡೆಯುವ ಆ ಪುಡಿಗಾಸು ಕೆಲವು ವರ್ಷ ಹೂವಿನ ಬೆಲೆಗಿಂತ ಭರವಸೆಯದು.

ಸಣ್ಣ ಈರುಳ್ಳಿಯನ್ನು ಹತ್ತಿರದಿಂದ ನೋಡಿ. ಕಿತ್ತ ಗೆಡ್ಡೆಯನ್ನು ಹೊಲದಲ್ಲೇ ಹರವಿ, ಹೊಂಗೆ ಮರದ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು ಕುಡುಗೋಲಿನ ಅಲಗಿಗೆ ಒಂದೊಂದೇ ಗೊಂಚಲು ಒಡ್ಡಿ ಬಾಲ ಕತ್ತರಿಸುತ್ತಾರೆ. ಕಣ್ಣು ಉರಿದು ನೀರು ಸುರಿಯುತ್ತಿದ್ದರೂ ಕೈ ನಿಲ್ಲುವುದಿಲ್ಲ. ಕೊಯ್ಲಿನ ವಾರ ಮಳೆ ಹಿಡಿದರೆ ಗೆಡ್ಡೆ ಕೊಳೆತು ನೊಣ ಮುತ್ತುತ್ತದೆ; ಬಿಸಿಲಿದ್ದು ಎಲ್ಲರ ಬೆಳೆಯೂ ಒಟ್ಟಿಗೆ ಬಂದರೆ ಬೆಲೆ ನೆಲ ಕಚ್ಚುತ್ತದೆ. ಬೀಜದ ಗೆಡ್ಡೆಗೆ, ಗೊಬ್ಬರಕ್ಕೆ, ಔಷಧಿಗೆ ಸಾಲ ಕೊಟ್ಟ ಮಂಡಿಯವರಿಗೇ ಮಾಲು ಹಾಕಬೇಕಾದ್ದರಿಂದ ಬೆಲೆ ಕೇಳುವ ಬಾಯಿಯೂ ಕಟ್ಟಿರುತ್ತದೆ. ಒಂದು ವರ್ಷ ಗೆದ್ದವನನ್ನು ನೋಡಿ ಮರುವರ್ಷ ಊರೇ ಈರುಳ್ಳಿ ಹಾಕುತ್ತದೆ. ಈ ಜೂಜಿನಲ್ಲಿ ರೈತನ ದುಡ್ಡಿನ ಜೊತೆಗೆ ನೆಲದಡಿಯ ನೀರೂ ಪಣಕ್ಕಿದೆ ಎಂಬುದೇ ನಮ್ಮ ಸಂಕಟ. ಹೋದ ದುಡ್ಡು ಮುಂದಿನ ವರ್ಷ ಬಂದರೂ ಬಂದೀತು. ಗಟ್ಟಿಕಲ್ಲಿನ ಸೀಳುಗಳಲ್ಲಿ ಎಷ್ಟೋ ವರ್ಷಗಳ ಮಳೆ ಇಂಗಿ ಕೂಡಿದ ನೀರು ಹಾಗೆ ಬರುವುದಿಲ್ಲ.

ವಯನಾಡಿನ ಜೊತೆಗಿನ ನಂಟು ತರಕಾರಿಯದಷ್ಟೇ ಅಲ್ಲ, ದುಡಿಮೆಯದೂ ಹೌದು. ಕಾಫಿ ಕೊಯ್ಲಿಗೆ, ಮೆಣಸು ಬಿಡಿಸಲಿಕ್ಕೆ ಜೇನುಕುರುಬ, ಸೋಲಿಗ ಹಾಡಿಗಳಿಂದಲೂ ಒಣಭೂಮಿಯ ಕೇರಿಗಳಿಂದಲೂ ಜನ ಕೊಡಗಿಗೂ ವಯನಾಡಿಗೂ ಹೋಗುತ್ತಲೇ ಇದ್ದಾರೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಕುಸಿದಾಗ ಸತ್ತವರಲ್ಲಿ ನಮ್ಮ ಜಿಲ್ಲೆಯ ಮೂಲದವರೂ ಇದ್ದರು. ಇಲ್ಲಿಯ ಹೊಲ ವರ್ಷಪೂರ್ತಿ ಅನ್ನ ಕೊಟ್ಟಿದ್ದರೆ ಎಷ್ಟು ಜನ ಆ ಎಸ್ಟೇಟು ಲೈನುಗಳಿಗೆ ಹೋಗುತ್ತಿದ್ದರು ಎಂಬ ಪ್ರಶ್ನೆ ಆವತ್ತು ಈ ಬಯಲಿನ ಮನೆಮನೆಯಲ್ಲೂ ಎದ್ದಿರಬೇಕು.

ಕಾಡಿನ ವಿಷಯಕ್ಕೆ ಬರುವಾಗ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು ನಾವು ಅಂದೂ ಒಪ್ಪಿದ್ದೆವು, ಇಂದೂ ಒಪ್ಪುತ್ತೇವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬಿದ್ದರೆ ತರಕಾರಿ ವ್ಯಾಪಾರವೇ ಮುಳುಗುತ್ತದೆ ಎಂದವರಿದ್ದರು, ಮುಳುಗಲಿಲ್ಲ. ಲಾರಿಗಳು ಹೊತ್ತಿಗೆ ಮುಂಚೆ ಹೊರಡುವುದನ್ನು ಕಲಿತವು. ಬಂಡೀಪುರದ ಕಾಡು ಉಳಿದರೆ ಮಾತ್ರ ಮೂಲೆಹೊಳೆಯ ಕಡೆಯಿಂದ ಬರುವ ತಂಪು, ಮೇಲುಹೊಲಗಳ ತೇವ ಉಳಿಯುತ್ತವೆ. ಇನ್ನೊಂದು ಮಾತು: ಕಾಡು ಉಳಿಸುವ ಭಾರವನ್ನು ಕಾಡಂಚಿನ ಹಳ್ಳಿಗಳ ಹೆಗಲಿಗಷ್ಟೇ ಹೊರಿಸುವುದು ಅನ್ಯಾಯ. ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ತಮಟೆ ಬಡಿದು ಆನೆ ಅಟ್ಟಿದವನು ಬೆಳಿಗ್ಗೆ ಹೊಲಕ್ಕಿಳಿದರೆ ಹಂದಿ ಉತ್ತು ಹೋಗಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿದ್ದು ರಾಜ್ಯವೆಲ್ಲ ಸುದ್ದಿಯಾಯಿತು. ಆ ನಡೆ ತಪ್ಪು. ಕೆಳಹಂತದ ನೌಕರರೂ ನಮ್ಮ ಊರುಗಳ ಮಕ್ಕಳೇ. ಆದರೆ ಜನ ಅಲ್ಲಿಯವರೆಗೆ ಹೋಗುವಂತೆ ಬಿಟ್ಟದ್ದು ಯಾರ ತಪ್ಪು ಎಂಬುದಕ್ಕೂ ಉತ್ತರ ಬೇಕು. ಹಂಗಳ, ಮಂಗಲದ ಕಡೆ ಕಾಡಂಚಿನ ಜಮೀನು ಹೊರಗಿನವರ ಕೈಗೆ ಹೋಗುತ್ತಿರುವುದಕ್ಕೂ ಬೇಸಾಯದ ಈ ಹೈರಾಣಕ್ಕೂ ನೇರ ಸಂಬಂಧವಿದೆ.

ಇನ್ನು ಕೆರೆಗಳು. ಈ ಕಾಲು ಶತಮಾನದಲ್ಲಿ ಬಯಲಿಗೆ ಆದ ದೊಡ್ಡ ಒಳಿತು ಯಾವುದೆಂದು ಕೇಳಿದರೆ ನಮ್ಮ ಉತ್ತರ ಕೆರೆ ತುಂಬಿಸಿದ್ದು. ನಂಜನಗೂಡು ಕಡೆಯ ಆಲಂಬೂರಿನ ಬಳಿ ಕಬಿನಿಯಿಂದ ನೀರೆತ್ತಿ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕಿನ ಕೆರೆಗಳಿಗೆ ಹರಿಸಿದರು. ಹುತ್ತೂರು ಕೆರೆ ತುಂಬಿತು. ಮುಂದಿನ ಕೆರೆಗಳಿಗಾಗಿ ರೈತರು ಧರಣಿ ಕೂತರು. ಅದಕ್ಕಾಗಿ ದುಡಿದವರಲ್ಲಿ 2017ರ ಜನವರಿಯಲ್ಲಿ ತೀರಿಕೊಂಡ ನಮ್ಮ ಶಾಸಕ ಎಚ್.ಎಸ್. ಮಹದೇವಪ್ರಸಾದ್ ಅವರ ಹೆಸರನ್ನು ಪಕ್ಷ ಮರೆತು ನೆನೆಯುತ್ತೇವೆ. ಜಾಲಿ ಬೆಳೆದು ಕ್ರಿಕೆಟ್ ಮೈದಾನವಾಗಿದ್ದ ಕೆರೆಯಂಗಳದಲ್ಲಿ ಕೊಕ್ಕರೆ ಇಳಿದಾಗ ಊರಿನ ಹೆಂಗಸರು ಬಾಗಿನ ಕೊಟ್ಟರು. ಬತ್ತಿದ್ದ ಬೋರುಗಳಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು.

ಆ ಸಂತೋಷದ ಜೊತೆಗೇ ಒಂದು ವಿಷಯ ಯೋಚಿಸಬೇಕು. ಗುಂಡ್ಲುಹೊಳೆ ನಮ್ಮ ಬೆಟ್ಟಸಾಲಿನಲ್ಲಿ ಹುಟ್ಟಿ, ನಮ್ಮ ಹಳ್ಳಕೊಳ್ಳಗಳ ನೀರು ಕೂಡಿಸಿಕೊಂಡು, ನಂಜನಗೂಡಿನಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಸೇರುತ್ತದೆ. ಅಲ್ಲಿ ಗುಂಡ್ಲುಹೊಳೆಯನ್ನು ಕೌಂಡಿನ್ಯ ಎಂದು ಪೂಜಿಸುತ್ತಾರೆ. ತಲೆಮಾರುಗಳಿಂದ ನಾವು ಕಪಿಲೆಗೆ ನೀರು ಕೊಟ್ಟವರು. ಈಗ ಅದೇ ಕಪಿಲೆಯ ನೀರನ್ನು, ನಂಜನಗೂಡಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ನಮ್ಮ ತಾಲ್ಲೂಕಿಗೆ ಕರೆಂಟು ಖರ್ಚು ಮಾಡಿ ಹತ್ತಿಸುತ್ತಿದ್ದೇವೆ. ಕೊಡುತ್ತಿದ್ದವರು ಬೇಡುವವರಾದದ್ದು ಮಳೆ ಕಡಿಮೆಯಾಗಿ ಅಲ್ಲ, ನೆಲದಡಿ ಖಾಲಿಯಾಗಿ. ಕಬಿನಿ ಜಲಾಶಯ ಹಿಡಿಯುವುದು 19.5 ಟಿಎಂಸಿ. ಕಾವೇರಿಯಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ ಎಂದು 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ನಮ್ಮ ಕೆರೆಗೆ ಬರುವ ಒಂದೊಂದು ಕೊಡವೂ ಅದರೊಳಗಿನದು. 2023ರಂಥ ಬರದ ವರ್ಷದಲ್ಲಿ ತಮಿಳುನಾಡಿಗೆ ನೀರು ಬಿಡುವುದೋ ಮಂಡ್ಯದ ಗದ್ದೆಗೆ ಹರಿಸುವುದೋ ಎಂಬ ಜಗ್ಗಾಟದಲ್ಲಿ ಗುಂಡ್ಲುಪೇಟೆಯ ಕೆರೆಗಳ ಕೂಗು ಎಷ್ಟು ದೂರ ಕೇಳೀತು?

ಹೀಗಿರುವಾಗ ಬಂದ ನೀರನ್ನು ಏನು ಮಾಡುತ್ತೇವೆ ಎಂಬುದೇ ಮುಖ್ಯ. ಕೆರೆ ತುಂಬಿದ ಸುದ್ದಿ ಕೇಳಿದ ಕೂಡಲೇ ಸುತ್ತಲೂ ಹೊಸ ಬೋರು ಕೊರೆದು ಬಾಳೆ ಕಂದು, ಶುಂಠಿ, ಅರಿಶಿನ ನೆಟ್ಟರೆ, ಇಂಗಿದ ನೀರು ಅದೇ ಬೇಸಿಗೆಯಲ್ಲಿ ಮೇಲೆದ್ದು ಹೋಗುತ್ತದೆ. ದುಡ್ಡಿದ್ದು ಆಳಕ್ಕೆ ಕೊರೆಸಿದವನಿಗೆ ಕೆರೆ, ಇಲ್ಲದವನಿಗೆ ಬರೀ ನೋಟ. ಸರ್ಕಾರದ ದುಡ್ಡಿನಲ್ಲಿ ಎತ್ತಿ ತಂದ ನೀರು ಇಡೀ ಊರಿನದು. ಅದರ ಪಾಲು ಹಂಚಿಕೆ ಊರೇ ಕೂತು ಮಾಡಬೇಕು. ಹಿಂದೆ ನೀರುಗಂಟಿ ಇದ್ದ, ಯಾರಿಗೆ ಯಾವ ಹೊತ್ತು ಎಂದು ಅವನು ಹೇಳಿದ್ದಕ್ಕೆ ತಕರಾರಿರಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳು ಇತ್ತು, ಕೆಳಗಿನ ಕೇರಿಯ ಹೊಲಕ್ಕೆ ಕೊನೆಯ ಸರದಿ ಸಿಗುತ್ತಿತ್ತು. ಅದು ಹಾಗೆಯೇ ಮರಳಿ ಬರಲಿ ಎಂದು ನಾವು ಬಯಸುವುದಿಲ್ಲ. ಆದರೆ ನೀರಿಗೊಂದು ಕಟ್ಟುಪಾಡು ಬೇಕು ಎಂಬ ಅದರ ತಿರುಳು ಬೇಕೇ ಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ತುಂಬಿಸಿದ ಕೆರೆಯಲ್ಲಿ ಇಷ್ಟು ಅಡಿ ನೀರು ಇಂಗುವುದಕ್ಕೇ ಮೀಸಲು ಎಂದು ಗುರುತು ಕಲ್ಲು ನೆಟ್ಟು, ಅದಕ್ಕಿಂತ ಕೆಳಗೆ ಯಾರೂ ಮೋಟಾರು ಇಡದಂತೆ ಗ್ರಾಮಸಭೆ ತೀರ್ಮಾನಿಸಲಿ. ಕೆರೆಯ ಸುತ್ತ ಹೊಸ ಬೋರಿಗೆ ಅನುಮತಿ ಕೊಡುವ ಮುನ್ನ, ಇರುವ ಬೋರುಗಳ ಮಟ್ಟ ಅಳೆದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಪ್ರತಿ ತಿಂಗಳು ಬರೆಯಲಿ. ಬೇರಂಬಾಡಿಯಲ್ಲಿ ವಿಜ್ಞಾನಿಗಳು ಮಾಡಿದ ಕೆಲಸವನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ಹಗ್ಗ, ಬುರುಡೆ ಹಿಡಿದು ಮಾಡಬಲ್ಲರು. ಕೆರೆ ಅಚ್ಚುಕಟ್ಟಿನಲ್ಲಿ ಮೂರನೇ ಒಂದು ಭಾಗವಾದರೂ ಜೋಳ, ರಾಗಿ, ಹುರುಳಿ, ಅವರೆಗೆ ಉಳಿಸಿದವರಿಗೆ ಸರ್ಕಾರ ತಾಲ್ಲೂಕಿನಲ್ಲೇ ಖರೀದಿ ಕೇಂದ್ರ ತೆರೆದು ಬೆಂಬಲ ಬೆಲೆ ಕೊಡಲಿ. ನಮ್ಮ ಹಾಸ್ಟೆಲುಗಳಿಗೂ ಅಂಗನವಾಡಿಗಳಿಗೂ ಬೇಕಾದ ಕಾಳನ್ನು ಇಲ್ಲಿಂದಲೇ ಕೊಳ್ಳಲಿ. ಈರುಳ್ಳಿಯನ್ನೂ ಅರಿಶಿನವನ್ನೂ ಬಿಡಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಹಬ್ಬಕ್ಕೆ ದುಡ್ಡು ತಂದುಕೊಡುವ ಬೆಳೆಗಳು ಅವು. ಅವನ್ನು ಎಷ್ಟು ಎಕರೆ, ಎಷ್ಟು ನೀರಿಗೆ ಎಂದು ಊರು ಬಾಯಿಬಿಟ್ಟು ಮಾತಾಡಲಿ ಎನ್ನುತ್ತೇವೆ. ಕಬಿನಿಯಿಂದ ಈ ವರ್ಷದ ನೀರು ಹತ್ತುವ ಮುನ್ನ, ಹುತ್ತೂರು ಕೆರೆಯ ಸುತ್ತಲಿನ ಪಂಚಾಯಿತಿಗಳು ಒಂದು ವಿಶೇಷ ಗ್ರಾಮಸಭೆ ಕರೆದು ಗುರುತು ಕಲ್ಲಿನ ವಿಷಯವನ್ನು ಮೊದಲ ಅಂಶವಾಗಿ ಇಡಲಿ. ಹೆಂಗಸರೂ ಬೋರಿಲ್ಲದ ರೈತರೂ ಬಂದು ಕೂರುವ ಹೊತ್ತು ನೋಡಿ ಸಭೆ ಇಡಲಿ.